ಪದ ಕೇಳಿಸಬೇಕು: ಕನ್ನಡ ರಾಕ್ ಬ್ಯಾಂಡಿನ ಒಳಗಿನ ಕೆಲಸ

ಕನ್ನಡದಲ್ಲಿ ರಾಕ್ ನುಡಿಸುವ ಬ್ಯಾಂಡ್‌ಗಳಿಗೆ ಗಿಗ್ (ವೇದಿಕೆ ಕಾರ್ಯಕ್ರಮ) ಮುಗಿದ ಮೇಲೆ ಸಿಗುವ ದೂರು ಹೆಚ್ಚಾಗಿ ಒಂದೇ: "ಮ್ಯೂಸಿಕ್ ಚೆನ್ನಾಗಿತ್ತು, ಏನ್ ಹಾಡಿದ್ರಿ ಅಂತ ಗೊತ್ತಾಗ್ಲಿಲ್ಲ." ಈ ದೂರು ಸರಿಯಾದದ್ದೇ. ಬೆಂಗಳೂರಿನ ರಾಕ್ ಬಹುಕಾಲ ಇಂಗ್ಲಿಷಿನಲ್ಲೇ ಬೆಳೆದದ್ದು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಹಾಡಿದ್ದು ಇಂಗ್ಲಿಷಿನಲ್ಲಿ. ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮ ಕನ್ನಡವನ್ನು ಅದೇ ವೇದಿಕೆಗಳಿಗೆ ತಂದವು. ಆದರೆ ತಾಲೀಮು ನಡೆಯುವ ಜ್ಯಾಮ್ ರೂಮಿನ ಅಭ್ಯಾಸಗಳು, ಮಿಕ್ಸಿಂಗ್ ರೂಢಿಗಳು ಇವತ್ತಿಗೂ ಇಂಗ್ಲಿಷ್ ಹಾಡಿನ ಅಳತೆಗೆ ಹೊಲಿದ ಅಂಗಿಗಳೇ. ಎರಡು ಗಿಟಾರ್, ಬೇಸ್, ಡ್ರಮ್ಸ್, ಹಾಡುಗಾರಿಕೆ ಇರುವ ನಮ್ಮಂಥ ಬ್ಯಾಂಡ್ ಕನ್ನಡದ ಪದ ಕೇಳಿಸಲೆಂದು ಹಾಡು ಕಟ್ಟುವಾಗ, ವೇದಿಕೆಯಲ್ಲಿ, ರೆಕಾರ್ಡಿಂಗ್‌ನಲ್ಲಿ ಏನೇನು ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಾಹಿತ್ಯ ಮತ್ತು ತಾಳ. ಇಂಗ್ಲಿಷ್ ಹಾಡಿನ ಸಾಲು ಎಷ್ಟೋ ಸಲ ಒತ್ತಿಲ್ಲದ ಚಿಕ್ಕ ಪದದಿಂದ, ತಾಳದ ಪೆಟ್ಟಿಗಿಂತ ಸ್ವಲ್ಪ ಮುಂಚೆಯೇ ಶುರುವಾಗುತ್ತದೆ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೇ ತೂಕ. ಹಾಗಾಗಿ ಸಾಲಿನ ಮೊದಲ ಅಕ್ಷರ ಒಂದನೇ ಪೆಟ್ಟಿನ ಮೇಲೆ ಕೂತರೆ ಕಿವಿ ತಕ್ಷಣ ಪದವನ್ನು ಹಿಡಿಯುತ್ತದೆ. ಅರ್ಧ ಪೆಟ್ಟು ಮುಂಚೆ ಎತ್ತಿಕೊಂಡರೆ ಎರಡನೇ ಅಕ್ಷರದ ಮೇಲೆ ಪೆಟ್ಟು ಬಿದ್ದು, ಪದ ನಡುವೆ ಮುರಿದ ಹಾಗೆ ಕೇಳುತ್ತದೆ.

ಎರಡನೆಯದು ಹ್ರಸ್ವ, ದೀರ್ಘ. ರಾಗಕ್ಕೆ ಬೇಕೆಂದು ಹ್ರಸ್ವವನ್ನು ಎಳೆದರೆ ಬಳೆ ಬಾಳೆಯಾಗುತ್ತದೆ, ಕೊಡು ಕೋಡಾಗುತ್ತದೆ. ಹಾಗಾದರೆ ಎಳೆಯುವುದು ಎಲ್ಲಿ? ಒಂದು ಸಾಲನ್ನು ಹತ್ತಿರದಿಂದ ನೋಡೋಣ: "ಮಳೆಯು ಬಂದರೆ ಕೆರೆಯು ತುಂಬಿತು." ಮಾತ್ರೆ (ಒಂದು ಹ್ರಸ್ವಾಕ್ಷರದ ಕಾಲ) ಎಣಿಸಿದರೆ 3, 4, 3, 4. ಭಾಮಿನಿ ಷಟ್ಪದಿಯ ನಡೆ ಇದೇ. ಹೀಗೇ ಬಿಟ್ಟರೆ ಏಳೆಣಿಕೆಯ 7/8 ತಾಳಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. 4/4 ಬೇಕೆಂದರೆ ಎಂಟು ಮಾತ್ರೆಯ ಜಾಗವನ್ನು ಏಳರಿಂದ ತುಂಬಬೇಕು, ಅಂದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ. ಆ ಹೆಚ್ಚುವರಿ ಮಾತ್ರೆಯನ್ನು 'ಯು'ಗೆ ಕೊಟ್ಟರೆ 'ಮಳೆಯೂ' ಎಂದಾಗಿ ಅರ್ಥವೇ ತಿರುಗುತ್ತದೆ. 'ಬಂ'ಗೆ ಕೊಡಿ. ಅದು ಹೇಗೂ ಗುರು (ಎರಡು ಮಾತ್ರೆಯ ಅಕ್ಷರ), ಇನ್ನೊಂದು ಮಾತ್ರೆ ಎಳೆದರೂ ಅರ್ಥ ಕೆಡುವುದಿಲ್ಲ. ಈಗ ಸಾಲು ಮಳೆಯು ಮೂರು, ಬಂ ಮೂರು, ದರೆ ಎರಡು ಎಂದು ಒಡೆಯುತ್ತದೆ. 3+3+2 ಎಂದರೆ ರಾಕ್ ಡ್ರಮ್ಮರ್‌ಗಳು ದಿನಾ ನುಡಿಸುವ ಲಯ. ಕಿಕ್ (ಕಾಲಲ್ಲಿ ನುಡಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಆ ಮೂರು ಜಾಗಕ್ಕೆ ಮಾತ್ರ ಹೊಡೆದರೆ ರಿಫ್ (ಮರುಕಳಿಸುವ ವಾದ್ಯದ ಸಾಲು) ತಾನಾಗಿ ಹುಟ್ಟುತ್ತದೆ, ಅದೂ ಪದದ ಒಳಗಿನಿಂದ.

ಛಂದಸ್ಸು ಶಾಲೆಯಲ್ಲಿ ಬಿಟ್ಟುಬಂದ ವಿಷಯ ಎಂದುಕೊಂಡವರಿಗೆ ನನ್ನ ಒತ್ತಾಯ: ಮತ್ತೆ ಓದಿ. ಉತ್ಸಾಹ ರಗಳೆಯ ಮೂರು ಮಾತ್ರೆ 6/8 ಮತ್ತು 12/8ಕ್ಕೆ, ಮಂದಾನಿಲದ ನಾಲ್ಕು ನೇರ 4/4ಕ್ಕೆ, ಲಲಿತದ ಐದು 5/8ಕ್ಕೆ ಸಲ್ಲುತ್ತವೆ. ಗದ್ಯದ ಹಾಗೆ ಬರೆದು ಆಮೇಲೆ ಟ್ಯೂನಿಗೆ ತುರುಕುವುದಕ್ಕಿಂತ, ಒಂದು ಗಣ ಹಿಡಿದು ಬರೆದರೆ ಜ್ಯಾಮ್ ರೂಮಿನ ಬಾಡಿಗೆಯೂ ಉಳಿಯುತ್ತದೆ.

ಕೋರಸ್‌ನ ಎತ್ತರದ ಸ್ವರಕ್ಕೆ ಇನ್ನೊಂದು ತೊಡಕಿದೆ. ಕನ್ನಡದ ಬಹುಪಾಲು ಪದಗಳು ಸ್ವರದಲ್ಲಿ ಮುಗಿಯುವುದು ಹಾಡುವವರ ಭಾಗ್ಯ. ಆದರೆ ಅದು ಹೆಚ್ಚಾಗಿ ಉ ಅಥವಾ ಇ. ಬಾಯಿ ಮುಚ್ಚುವ ಈ ಸ್ವರಗಳಲ್ಲಿ ಗಂಟಲು ತೆರೆದು ಎತ್ತರಕ್ಕೆ ಕೂಗುವುದು ಕಷ್ಟ. ಆ, ಓ, ಏ ಬೇಕು. ಇದಕ್ಕೆ ನಮ್ಮ ಜನಪದ ಹಾಡುಗಳು ಎಂದೋ ದಾರಿ ಕಂಡುಕೊಂಡಿವೆ: ಸಾಲಿನ ಕೊನೆಗೆ 'ನೋ', 'ಕೋಲೆ', 'ತಂದಾನ'. ಕೋರಸ್‌ನ ಕೊನೆಯ ಪದ ಸಂಬೋಧನೆಯಾಗಿದ್ದರೆ, ಅಥವಾ ಬರುವೆನು ಎಂಬುದು ಬರುವೆನೋ ಆದರೆ, ಕೆಲಸ ಸಲೀಸು.

ಈಗ ವಾದ್ಯಗಳ ಹೊಂದಾಣಿಕೆ. ವ್ಯಂಜನಗಳನ್ನು ಕಿವಿ ಗುರುತಿಸುವುದು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಹಾಕಿದ ಗಿಟಾರಿನ ಕಚ್ಚುವ ಸದ್ದೂ ಅಲ್ಲೇ, ಕ್ರ್ಯಾಶ್ ಸಿಂಬಲ್ ಹರಡುವುದೂ ಅಲ್ಲೇ. ಮೂರೂ ಒಟ್ಟಿಗೆ ಬಂದರೆ ಹಲ್ಲಿಗೂ ಹಳ್ಳಿಗೂ, ಕಲ್ಲಿಗೂ ಕಳ್ಳಿಗೂ ವ್ಯತ್ಯಾಸ ಉಳಿಯದು. ಈಕ್ವಲೈಸರ್ ಇದನ್ನು ಅರ್ಧ ಮಾತ್ರ ಸರಿಪಡಿಸುತ್ತದೆ. ಉಳಿದರ್ಧ ಆಗುವುದು ಕಡಿಮೆ ನುಡಿಸಿದಾಗ. ಚರಣದಲ್ಲಿ ಒಂದೇ ಗಿಟಾರ್, ಅದೂ ದಪ್ಪ ತಂತಿಗಳ ಮೇಲೆ ಅಂಗೈ ಒತ್ತಿ ನುಡಿಸಬೇಕು. ಇನ್ನೊಂದು ಗಿಟಾರ್ ಸಾಲು ಮುಗಿದ ಮೇಲಿನ ಬಿಡುವಿನಲ್ಲಿ ಉತ್ತರ ಕೊಡಬೇಕು. ಡ್ರಮ್ಮರ್ ಹಾಡಿನ ಸಾಲಿನ ಕೆಳಗೆ ಮುಚ್ಚಿದ ಹೈ-ಹ್ಯಾಟ್‌ನಲ್ಲೇ ಇದ್ದು, ಕ್ರ್ಯಾಶ್ ಅನ್ನು ಕೋರಸ್‌ಗೆ ಉಳಿಸಿಕೊಳ್ಳಬೇಕು. ಗಿಟಾರ್ ಆಂಪಿನ ಗೇಯ್ನ್ ಮನೆಯಲ್ಲಿ ಇಷ್ಟವಾದ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಎರಡು ಗಿಟಾರ್, ಬೇಸ್ ಸೇರಿದಾಗ ಅದು ತಾನೇ ದಪ್ಪವಾಗುತ್ತದೆ.

ಗಿಗ್‌ಗೆ ಹೊರಡುವ ಮೊದಲು ಸೌಂಡ್ ಎಂಜಿನಿಯರಿಗೆ ಚಾನೆಲ್ ಪಟ್ಟಿ ಕಳಿಸಿ. ನಮ್ಮಂಥ ಬ್ಯಾಂಡಿಗೆ 12 ಸಾಕು: ಕಿಕ್, ಸ್ನೇರ್, ಹ್ಯಾಟ್, ಎರಡು ಟಾಮ್, ಎರಡು ಓವರ್‌ಹೆಡ್ (ಡ್ರಮ್ಸ್ ಮೇಲೆ ತೂಗುವ ಮೈಕ್), ಬೇಸ್ ಡಿಐ (ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ), ಎರಡು ಗಿಟಾರ್, ಮುಖ್ಯ ದನಿ, ಜೊತೆ ದನಿ. ಸಣ್ಣ ಪಬ್ಬಿನಲ್ಲಿ 8 ಮಾತ್ರ ಇದ್ದರೆ ಹ್ಯಾಟ್, ಟಾಮ್‌ಗಳು ಮತ್ತು ಒಂದು ಓವರ್‌ಹೆಡ್ ಬಿಡಿ. ಅಷ್ಟು ಚಿಕ್ಕ ಜಾಗದಲ್ಲಿ ಅವು ಹೇಗೂ ನೇರವಾಗಿ ಕೇಳುತ್ತವೆ. ಸೌಂಡ್ ಚೆಕ್ ವಾಡಿಕೆಯಂತೆ ಕಿಕ್‌ನಿಂದ ಶುರುವಾಗುತ್ತದೆ, ಹಾಡುವವರ ಸರದಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮುಖ್ಯ ದನಿಯನ್ನು ಮೊದಲು ಮಾಡಲು ಕೇಳಿಕೊಳ್ಳಿ. ದನಿ ಎಷ್ಟು ಜೋರಾದರೆ ಫೀಡ್‌ಬ್ಯಾಕ್ (ಸ್ಪೀಕರಿನ ಕಿರುಚಾಟ) ಬರುತ್ತದೆ ಎಂದು ತಿಳಿದುಕೊಂಡು, ಉಳಿದವರು ಅದಕ್ಕಿಂತ ಕೆಳಗೆ ಕೂರಬೇಕು.

ಮೈಕ್ ಶೂರ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ (ಮುಂದಿನ ಸದ್ದು ಹಿಡಿದು ಬೆನ್ನಿನದನ್ನು ಬಿಡುವಂಥದ್ದು) ಆದರೆ, ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಅದರ ನೇರ ಬೆನ್ನಿಗಿರಲಿ. ಸೂಪರ್‌ಕಾರ್ಡಿಯಾಯ್ಡ್ ಆದರೆ ಬೆನ್ನಿನ ಕಡೆಯಿಂದಲೂ ಸ್ವಲ್ಪ ಸದ್ದು ಹಿಡಿಯುತ್ತದೆ, ಮಾನಿಟರ್ ಅನ್ನು ಪಕ್ಕಕ್ಕೆ ಓರೆಯಾಗಿ ಇಡಬೇಕು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸ ಬಿಡಲೇಬೇಕು. ಹಾಗೆ ಹಿಡಿದರೆ ಮೈಕಿನ ದಿಕ್ಕಿನ ಗುಣ ಹೋಗಿ ಎಲ್ಲ ಕಡೆಯ ಸದ್ದೂ ಒಳಬರುತ್ತದೆ, ಮೊದಲು ಫೀಡ್‌ಬ್ಯಾಕ್, ಆಮೇಲೆ ಮಂಜು ಕವಿದ ಪದ. ಭ, ಫ ಮುಂತಾದ ಮಹಾಪ್ರಾಣಗಳಲ್ಲಿ ಉಸಿರು ನೇರ ಬಡಿಯದಂತೆ ಮೈಕನ್ನು ಬಾಯಿಯ ಒಂದು ಮೂಲೆಗೆ ಹಿಡಿದು, ಮಿಕ್ಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಬೇಕು.

ಕರೆಂಟಿನ ವಿಷಯದಲ್ಲಿ ಯಾರ ಮಾತನ್ನೂ ನಂಬಬಾರದು. ಬ್ಯಾಗಿನಲ್ಲಿ ಮಲ್ಟಿಮೀಟರ್ ಇರಲೇಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಸುಮಾರು ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿನ ಒಳಗೆ ಬರಬೇಕು. ಫೇಸ್‌ನಿಂದ ಅರ್ತ್‌ಗೆ ಸೊನ್ನೆಯೋ, ಅರ್ಧಂಬರ್ಧವೋ ತೋರಿದರೆ ಅರ್ತಿಂಗ್ ಇಲ್ಲ ಎಂದೇ ಅರ್ಥ. ಆಂಪ್ ಒಂದು ಕಡೆಯಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟ್ ಪಡೆದಿದ್ದರೆ, ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯೇ ಎರಡರ ನಡುವಿನ ತಂತಿಯಾಗುತ್ತದೆ. ಇದರಿಂದ ಪ್ರಾಣವೇ ಹೋಗಬಹುದು. ಜನರೇಟರ್ ಇಟ್ಟುಕೊಂಡ ಕಾಲೇಜು ಫೆಸ್ಟ್‌ಗಳಲ್ಲಿ ಜನರೇಟರಿನ ಅರ್ತ್ ಸರಳು ನೆಲಕ್ಕೆ ಹೊಡೆದಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಪ್ಲಗ್ ಹಾಕಬೇಡಿ. ಗೊಂಯ್ ಎನ್ನುವ 50 ಹರ್ಟ್ಸ್ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವುದನ್ನು ಎಂದೂ ಮಾಡಬಾರದು. ಅದಕ್ಕಾಗಿಯೇ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಗುಂಡಿ ಇದೆ. ಅದು ಆಡಿಯೋ ಕೇಬಲ್ಲಿನ ಶೀಲ್ಡ್ ಅನ್ನಷ್ಟೇ ಬಿಡಿಸುತ್ತದೆ, ಸುರಕ್ಷತೆಯ ಅರ್ತ್ ಅನ್ನು ಮುಟ್ಟುವುದಿಲ್ಲ.

ಹಾಡುಗಳ ಕ್ರಮ: 45 ನಿಮಿಷಕ್ಕೆ ಎಂಟೋ ಒಂಬತ್ತೋ ಹಾಡು. ತೆರೆದ ಜಾಗದಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ಕಾರ್ಯಕ್ರಮವೋ ತಡವಾಗಿಯೇ ಶುರುವಾಗುತ್ತದೆ. ಕತ್ತರಿ ಬೀಳುವುದು ಕೊನೆಯ ಹಾಡುಗಳಿಗೆ. ಆದ್ದರಿಂದ ಜನ ಕೇಳಲೇಬೇಕಾದ ಹಾಡನ್ನು ಕೊನೆಗಿಡದೆ ಐದನೆಯದಾಗಿ ಇಡಬೇಕು.

ಸಂಭಾವನೆಯಲ್ಲಿ ಆಯೋಜಕರು ಹೆಚ್ಚಾಗಿ 10% ಟಿಡಿಎಸ್ ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ 20%. ಎಲ್ಲ ಹಣ ಒಬ್ಬರ ಪ್ಯಾನ್ ಮೇಲೆ ಬಂದರೆ ಪೂರ್ತಿ ಅವರ ಆದಾಯವೇ ಆಗಿ ಕಾಣುತ್ತದೆ. ಪಾಲುದಾರಿಕೆ ಸಂಸ್ಥೆ ಮಾಡಿ ಬ್ಯಾಂಡಿಗೇ ಪ್ಯಾನ್ ತೆಗೆದುಕೊಳ್ಳುವುದು ಒಳ್ಳೆಯದು.

ರೆಕಾರ್ಡಿಂಗ್‌ಗೆ ಬಂದರೆ ಹಣ ಹೋಗುವುದು ಡ್ರಮ್ಸ್‌ಗೆ. ಡ್ರಮ್ ಚರ್ಮಗಳನ್ನು ಹಿಂದಿನ ದಿನವೇ ಬದಲಿಸಿ ಟ್ಯೂನ್ ಮಾಡಿ, ರಾತ್ರಿ ಹಿಗ್ಗಲು ಬಿಟ್ಟು ಬೆಳಿಗ್ಗೆ ಮತ್ತೆ ಸರಿಮಾಡಬೇಕು. ಎರಡು ಓವರ್‌ಹೆಡ್ ಮೈಕ್‌ಗಳೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿರಲಿ. ಸ್ನೇರ್ ಮೇಲೆ ದಾರದ ಒಂದು ತುದಿ ಹಿಡಿದು ಎರಡೂ ಮೈಕಿಗೆ ಅಳೆದರೆ ಸಾಕು. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಗೇಣು ಹೆಚ್ಚುಕಡಿಮೆಯಾದರೂ ಎರಡು ಮೈಕಿನ ಅಲೆಗಳು ಒಂದನ್ನೊಂದು ತಿಂದು ಸ್ನೇರ್ ತೆಳ್ಳಗಾಗುತ್ತದೆ.

ದನಿಯ ರೆಕಾರ್ಡಿಂಗ್‌ಗೆ ದಿನಕ್ಕೆ ಎರಡು ಹಾಡು, ಹೆಚ್ಚೆಂದರೆ ಮೂರು. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಒತ್ತಕ್ಷರ. ಕತೆ ಮತ್ತು ಕತ್ತೆ ಎರಡನ್ನೂ ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಿ. ಕತ್ತೆಯಲ್ಲಿ 'ಕ' ಆದ ಮೇಲೆ ಉದ್ದದ ಮೌನವಿದೆ, ನಾಲಿಗೆ ಹಲ್ಲಿಗೆ ಒತ್ತಿ ನಿಂತ ಹೊತ್ತು ಅದು. ಆ ಮೌನವೇ ಅಕ್ಷರ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಎಡಿಟ್ ಮಾಡುವವರಿಗೆ ಎಷ್ಟೋ ಸಲ ಕನ್ನಡ ಬರುವುದಿಲ್ಲ. ಅವರ ಕಣ್ಣಿಗೆ ಆ ಮೌನ ತಾಳ ತಪ್ಪಿದ ಬಿರುಕಿನಂತೆ ಕಂಡು, 'ತೆ'ಯನ್ನು ತಾಳದ ಗೆರೆಗೆ ಸರಿಯಾಗಿ ಹಿಂದಕ್ಕೆ ಎಳೆದುಬಿಡುತ್ತಾರೆ. ಕತ್ತೆ ಕತೆಯಾಗುತ್ತದೆ. ರಿವರ್ಬ್ (ಅನುರಣನ) ಕೂಡ ಇದನ್ನೇ ಮಾಡುತ್ತದೆ: ಹಿಂದಿನ ಸ್ವರದ ಬಾಲ ಆ ಮೌನದೊಳಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಚರಣಗಳಿಗೆ ಉದ್ದದ ರಿವರ್ಬ್ ಬೇಡ. ಚಿಕ್ಕದೊಂದು ರಿವರ್ಬ್‌ನ ಮೇಲೆ ತಾಳಕ್ಕೆ ಹೊಂದುವ ಡಿಲೇ (ಪ್ರತಿಧ್ವನಿ) ಸಾಕು. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಬೀಳುವ ಪೆಟ್ಟುಗಳಿಂದ) ಭಾಗಿಸಿದರೆ ಒಂದು ಪೆಟ್ಟಿನ ಮಿಲಿಸೆಕೆಂಡ್ ಸಿಗುತ್ತದೆ, 120ಕ್ಕೆ 500. ಒಂದೇ ದನಿಯನ್ನು ಎರಡು ಸಲ ಹಾಡಿ ಸೇರಿಸುವಾಗಲೂ ಒತ್ತಕ್ಷರಗಳ ಮೌನ ಎರಡರಲ್ಲೂ ಒಂದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಒಂದರ ಮೌನವನ್ನು ಇನ್ನೊಂದು ಮುಚ್ಚುತ್ತದೆ.

ಇದಕ್ಕೆ ನಾವು ಬಳಸುವುದು ಒಂದು ಹಾಳೆ. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಒತ್ತಕ್ಷರಗಳಿಗೂ ದೀರ್ಘಗಳಿಗೂ ಕೆಂಪು ಗುರುತು ಹಾಕಿ, ಪ್ರತಿ ಸಾಲಿನ ಎದುರು ಯಾವ ಟೇಕ್ ಒಳ್ಳೆಯದು ಎಂದು ಬರೆಯುವುದು. ಹಾಳೆ ಹಿಡಿಯುವವರು ಹಾಡಿದವರಾಗಬಾರದು. ಹಾಡಿದವರ ಕಿವಿಗೆ ತಾವು ಅಂದುಕೊಂಡದ್ದೇ ಕೇಳುತ್ತದೆ. ಮಿಕ್ಸ್ ಬಂದ ಮೇಲೆ ಹಾಡನ್ನು ಎಂದೂ ಕೇಳದ ಒಬ್ಬರಿಗೆ ಫೋನಿನ ಸ್ಪೀಕರ್‌ನಲ್ಲಿ, ಕಡಿಮೆ ವಾಲ್ಯೂಮಿನಲ್ಲಿ ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ತಪ್ಪಾಗಿ ಬರೆದ ಪ್ರತಿ ಪದದ ಜಾಗದಲ್ಲೂ ಮಿಕ್ಸ್ ಅನ್ನು ಮತ್ತೆ ತೆರೆಯಬೇಕು. ಹೆಚ್ಚಿನ ಸಲ ದನಿಯ ಆ ಒಂದು ಅಕ್ಷರವನ್ನು ಒಂದೆರಡು ಡೆಸಿಬೆಲ್ ಎತ್ತಿದರೆ ಪದ ಸಿಕ್ಕಿಬಿಡುತ್ತದೆ.

ಲೌಡ್‌ನೆಸ್‌ಗಾಗಿ ಮಾಸ್ಟರಿಂಗ್‌ನಲ್ಲಿ ಹಿಂಡುವುದು ವ್ಯರ್ಥ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಸುಮಾರು -14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತರುತ್ತದೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಅವರ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಬೇಕು, ನಾವು ನಾಲ್ಕು ವಾರ ಇಟ್ಟುಕೊಳ್ಳುತ್ತೇವೆ. 2024ರಿಂದ ಅಲ್ಲಿ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರಾಯಲ್ಟಿ ಇಲ್ಲ. ಭಾಷೆಯ ಕಾಲಂನಲ್ಲಿ ಕನ್ನಡ ಎಂದೇ ತುಂಬಿ. ಪ್ರತಿ ಹಾಡಿನ ಐಎಸ್‌ಆರ್‌ಸಿ (ರೆಕಾರ್ಡಿಂಗ್‌ನ ಗುರುತು) ಸಂಖ್ಯೆ ಬರೆದಿಟ್ಟುಕೊಳ್ಳಿ. ಹಾಡನ್ನು ಸ್ಪಾಟಿಫೈ ಮುಂತಾದೆಡೆ ಸೇರಿಸುವ ವಿತರಕರನ್ನು ಬದಲಿಸುವಾಗ ಅದೇ ಸಂಖ್ಯೆ ಕೊಟ್ಟರೆ ಹಳೆಯ ಎಣಿಕೆ ಸಾಮಾನ್ಯವಾಗಿ ಉಳಿಯುತ್ತದೆ.

ಕೊನೆಯದಾಗಿ, ಕವಿಗಳ ಪದಗಳಿಗೆ ರಾಗ ಹಾಕುವವರಿಗೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳು ಎಲ್ಲರವು, ಆದರೆ ಇನ್ನೊಬ್ಬರು ಈಚೆಗೆ ಹಾಕಿದ ಮಟ್ಟು ಅವರದ್ದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ. ಕುವೆಂಪು 1994, ಅಂದರೆ 2054. ಕುಟುಂಬದವರನ್ನೋ ಹಕ್ಕುದಾರರನ್ನೋ ಕಂಡು, ಯಾವ ಕವಿತೆ, ಯಾವ ಸಾಲುಗಳು, ವೇದಿಕೆಗೆ ಮಾತ್ರವೋ ರೆಕಾರ್ಡಿಂಗ್‌ಗೂ ಸೇರಿಯೋ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಸ್ವಂತ ಹಾಡಾದರೆ ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಎಷ್ಟು ಪಾಲು ಎಂದು ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಆಮೇಲೆ ಬರೆದವರು, ರಾಗ ಹಾಕಿದವರು ಬೇರೆಬೇರೆಯಾಗಿ ಐಪಿಆರ್‌ಎಸ್ (ಬರೆದವರ, ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿ ಅದೇ ಪಾಲಿನಂತೆ ಹಾಡನ್ನು ನೋಂದಾಯಿಸಬೇಕು.