ಒಂದೇ ಒಂದು ಟೇಬಲ್ ವಾಪಸ್ ಬೇಕಿತ್ತು

ಫೆಬ್ರವರಿ ಅಂದ್ರೆ ಕೊಡಗಿನಲ್ಲಿ ರೋಬಸ್ಟಾ ಕಾಫಿಯ ಕಾಲ. ಕುಶಾಲನಗರದ ಒಬ್ಬ ಕಾಫಿ ವ್ಯಾಪಾರಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಎಂಟೂವರೆಗೆಲ್ಲ ಗೋಡೌನ್ ಮುಂದೆ ಪಿಕಪ್‌ಗಳ ಸಾಲು. ಮೂಟೆ ಇಳಿಸಿ, ತೂಗಿ, ಸ್ಯಾಂಪಲ್ ತೆಗೆದು, ಓಟಿ ನೋಡಿ ಚೀಟಿ ಕೊಡುತ್ತಾರೆ. ಕಾಫಿ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಓಟಿ ಅಂದ್ರೆ ಔಟ್ ಟರ್ನ್. 50 ಕೆಜಿ ಒಣ ಚೆರ್ರಿಯಲ್ಲಿ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಉಳಿಯುತ್ತದೆ ಅನ್ನುವ ಲೆಕ್ಕ. ಮೂಟೆಗೆ ಬೆಲೆ ಕಟ್ಟುವುದೇ ಆ ಪಾಯಿಂಟಿನ ಮೇಲೆ.

ಆ ಅಂಕಿಯನ್ನೇ ನಾನು ಕೆಡಿಸಿಬಿಟ್ಟೆ.

ಬಿಲ್ಲಿಂಗ್‌ನಲ್ಲಿ ಕೂರುವ ಅಕ್ಕ ಫೋನ್ ಮಾಡಿ, ಒಂದು ಚೀಟಿಯ ಓಟಿ ತಪ್ಪಾಗಿದೆ, 26.5 ಮಾಡಿಕೊಡಿ ಅಂದರು. ಆಗ ಹಳೇ ಚೀಟಿ ತಿದ್ದಲು ಸಾಫ್ಟ್‌ವೇರ್‌ನಲ್ಲಿ ಜಾಗವೇ ಇರಲಿಲ್ಲ. ನಾನು ಮಡಿಕೇರಿಯಲ್ಲಿ ಮನೆಯಲ್ಲೇ ಕೂತು ಡೇಟಾಬೇಸ್‌ಗೆ ನೇರವಾಗಿ ಅಪ್‌ಡೇಟ್ ಬರೆದೆ. ಎರಡು ಸಾಲಿನ ಕಮ್ಯಾಂಡ್. ಮೌಸಿನಲ್ಲಿ ಎಳೆದು ರನ್ ಒತ್ತಿದಾಗ ಮೊದಲನೇ ಸಾಲಷ್ಟೇ ಸೆಲೆಕ್ಟ್ ಆಗಿತ್ತು. ಯಾವ ಚೀಟಿ ಅಂತ ಹೇಳುವ 'ವೇರ್' ಇದ್ದದ್ದು ಎರಡನೇ ಸಾಲಿನಲ್ಲಿ. ಹನ್ನೊಂದು ಸಾವಿರಕ್ಕೂ ಜಾಸ್ತಿ ರೋ (ಚೀಟಿ ಟೇಬಲ್‌ನ ಸಾಲು, ಚೀಟಿಗೆ ಒಂದು) ಬದಲಾಯಿತು ಅಂತ ಉತ್ತರ ಬಂತು. ಎಲ್ಲರ ಕಾಫಿಯೂ 26.5. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರಲ್ಲಿ ಆಟೋ ಕಮಿಟ್, ಅಂದ್ರೆ ಬದಲಾವಣೆಯನ್ನು ಕೂಡಲೇ ಖಾಯಂ ಮಾಡುವುದು, ತಾನಾಗಿಯೇ ಆನ್ ಇರುತ್ತದೆ, ಹಾಗಾಗಿ ಹಿಂದಕ್ಕೆ ತಿರುಗಿಸುವ ರೋಲ್‌ಬ್ಯಾಕ್ ಅಂತ ಹೊಡೆದರೂ ಏನೂ ಆಗುವುದಿಲ್ಲ. ಆದರೂ ಹೊಡೆದೆ.

"ಅಕ್ಕಾ, ಒಂದು ಹತ್ತು ನಿಮಿಷ ಎಂಟ್ರಿ ನಿಲ್ಲಿಸಿ. ಚೀಟಿ ಕೈಯಲ್ಲೇ ಬರೀರಿ" ಅಂದೆ.

"ಹತ್ತು ನಿಮಿಷ ಅಂದ್ರೆ ನಮ್ಮ ಗಡಿಯಾರದ್ದಾ, ನಿಮ್ಮದಾ?"

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಮುಗಿಯುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಆಯಿತು.

ರಾತ್ರಿ ಎರಡು ಗಂಟೆಯ ಪೂರ್ತಿ ಬ್ಯಾಕಪ್ ಇತ್ತು. ಅದರಿಂದ ಚೀಟಿ ಟೇಬಲ್ ತೆಗೆದು ಹಾಗೇ ಮೇಲೆ ಹಾಕಿಬಿಡೋಣ ಅಂತ ಕೈ ತುರಿಸುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಬೇರೆ ಕಡೆ ಅದನ್ನೇ ಮಾಡಿ ಪೆಟ್ಟು ತಿಂದಿದ್ದೆ. ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಮಾಡಿಕೊಡುವ ಫೈಲಿನಲ್ಲಿ ಪ್ರತಿ ಟೇಬಲ್‌ಗೂ ಮೊದಲು 'ಡ್ರಾಪ್ ಟೇಬಲ್' ಇರುತ್ತದೆ. ಬೇಡ ಅಂತ ನಾವೇ ಹೇಳದಿದ್ದರೆ ಅದು ಇದ್ದೇ ಇರುತ್ತದೆ. ಅಂದ್ರೆ ಫೈಲ್ ಓಡಿದ ಕ್ಷಣ ಈಗಿರುವ ಟೇಬಲ್ ಮಾಯ, ಅವತ್ತು ಬೆಳಿಗ್ಗೆ ಸೇರಿಸಿದ್ದೂ ಮಾಯ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮುಂದಿನ ನಂಬರ್ ಎಷ್ಟು ಅನ್ನುವ ಲೆಕ್ಕವೂ ನಿನ್ನೆಯದ್ದೇ ವಾಪಸ್ ಬಂತು. ಹಾಗಾಗಿ ಕಳೆದುಹೋದ ಬಿಲ್ಲುಗಳ ನಂಬರ್‌ಗಳೇ ಹೊಸ ಗಿರಾಕಿಗಳಿಗೆ ಸಿಕ್ಕವು. ಪಾವತಿ ಟೇಬಲ್‌ನಲ್ಲಿ ಮಾತ್ರ ಬೆಳಗಿನ ಪಾವತಿಗಳು ಹಾಗೇ ಇದ್ದವು. ಒಬ್ಬರು ಕಟ್ಟಿದ ದುಡ್ಡು ಇನ್ನೊಬ್ಬರ ಬಿಲ್ಲಿಗೆ ಹೋಗಿ ಕೂತಿತು. ಒಂದು ಟೇಬಲ್‌ನ ರೋ ಇನ್ನೊಂದರಲ್ಲಿ ನಿಜವಾಗಿ ಇರುವ ರೋಗೇ ಸೇರಬೇಕು ಅಂತ ನೋಡಿಕೊಳ್ಳುವ ಫಾರಿನ್ ಕೀ ಇತ್ತಲ್ವಾ, ಅದು ತಡೆಯಲಿಲ್ಲವೇ ಅಂತ ಕೇಳಬಹುದು. ಡಂಪ್ ಫೈಲ್ ತನ್ನ ತಲೆಯಲ್ಲೇ ಆ ತಪಾಸಣೆಯನ್ನು ಆಫ್ ಮಾಡಿಕೊಂಡು ಶುರುವಾಗುತ್ತದೆ. ಕೊನೆಯಲ್ಲಿ ಮತ್ತೆ ಆನ್ ಮಾಡುತ್ತದೆ, ಆದರೆ ಆಗಲೇ ಒಳಗೆ ಬಂದ ರೋಗಳನ್ನು ತಿರುಗಿ ನೋಡುವುದಿಲ್ಲ. ಒಂದು ಎರರ್ ಕೂಡ ಬರಲಿಲ್ಲ. ಅದನ್ನು ಸರಿ ಮಾಡಲು ಒಂದು ವಾರ ಹಿಡಿಯಿತು.

ಹಾಗಾಗಿ ಈ ಸಲ ಮೊದಲು ಮಾಡಿದ್ದು, ಕೆಟ್ಟ ಟೇಬಲ್‌ನದ್ದೇ ಒಂದು ನಕಲು. ಕೆಟ್ಟದ್ದನ್ನು ಯಾಕೆ ಎತ್ತಿಡಬೇಕು ಅನ್ನಿಸಬಹುದು. ಅದರಲ್ಲಿ ಓಟಿ ಒಂದು ಬಿಟ್ಟು ಉಳಿದದ್ದೆಲ್ಲ ಸರಿ ಇದೆ, ಬೆಳಗಿನ 43 ಚೀಟಿಗಳೂ ಅದರಲ್ಲಿ ಮಾತ್ರ ಇವೆ. 'ಕ್ರಿಯೇಟ್ ಟೇಬಲ್ ಲೈಕ್' ಅಂತ ಖಾಲಿ ಟೇಬಲ್ ಮಾಡಿ, ಒಳಗೆ ರೋಗಳನ್ನು ಸುರಿದೆ. ಹೀಗೆ ಮಾಡಿದರೆ ಬೇಗ ಹುಡುಕಲು ಇರುವ ಇಂಡೆಕ್ಸ್ ಬರುತ್ತವೆ, ಫಾರಿನ್ ಕೀ ಬರುವುದಿಲ್ಲ. ಎತ್ತಿಡುವ ನಕಲಿಗೆ ಅಷ್ಟು ಸಾಕು.

ಆಮೇಲೆ ಪಕ್ಕದಲ್ಲಿ ಬೇರೆ ಹೆಸರಿನ ಖಾಲಿ ಡೇಟಾಬೇಸ್ ಮಾಡಿದೆ. ಪೂರ್ತಿ ಬ್ಯಾಕಪ್ ಫೈಲಿನಿಂದ ಚೀಟಿ ಟೇಬಲ್‌ನ ಭಾಗವನ್ನು ಮಾತ್ರ ಸೆಡ್ ಅನ್ನುವ ಕಮ್ಯಾಂಡ್‌ನಲ್ಲಿ ಕತ್ತರಿಸಿ ತೆಗೆದೆ. ಫೈಲಿನಲ್ಲಿ ಪ್ರತಿ ಟೇಬಲ್ ಶುರುವಾಗುವ ಕಡೆ ಅದರ ಹೆಸರಿನ ಒಂದು ಕಾಮೆಂಟ್ ಸಾಲು ಇರುತ್ತದೆ, ಅಲ್ಲಿಂದ ಮುಂದಿನ ಟೇಬಲ್‌ನ ಕಾಮೆಂಟ್ ತನಕ. ಅದನ್ನು ಪಕ್ಕದ ಡೇಟಾಬೇಸ್‌ಗೆ ಹಾಕಲು ಹೋದರೆ ಎರರ್: ಬೆಳೆಗಾರರ ಟೇಬಲ್ ಇಲ್ಲ. ಫಾರಿನ್ ಕೀ ತಪಾಸಣೆ ಆಫ್ ಮಾಡುವ ಸಾಲು ಇದ್ದದ್ದು ಫೈಲಿನ ತಲೆಯಲ್ಲಿ, ನಾನು ಕತ್ತರಿಸಿದ್ದು ಹೊಟ್ಟೆಯನ್ನು. ಅದೊಂದನ್ನು ಕೈಯಲ್ಲಿ ಸೇರಿಸಿ ಓಡಿಸಿದೆ. ಈಗ ಒಳಗೇನೋ ಹೋಯಿತು, ಆದರೆ ಷರಾ ಕಾಲಂನಲ್ಲಿದ್ದ ಕನ್ನಡವೆಲ್ಲ ಚಿತ್ತಾಗಿತ್ತು. 'ಹಸಿ ಇದೆ', 'ಕಪ್ಪು ಜಾಸ್ತಿ' ಅಂತ ಅಕ್ಕ ಬರೆದಿದ್ದ ಕಡೆ ಅರ್ಥವಿಲ್ಲದ ಗೀಚು. ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕು, ಅಂದ್ರೆ ಯುಟಿಎಫ್8ಎಂಬಿ4, ಅಂತ ಹೇಳುವ ಸಾಲೂ ತಲೆಯಲ್ಲೇ ಇತ್ತು! ಕೊನೆಗೆ ತಲೆಭಾಗವನ್ನು ಪೂರ್ತಿ ನಕಲು ಮಾಡಿ ಕತ್ತರಿಸಿದ ಫೈಲಿಗೆ ಅಂಟಿಸಿದೆ. ಆಗ ಸರಿಯಾಗಿ ಬಂತು.

ಇಷ್ಟಾದ ಮೇಲೆ ನಿಜವಾದ ಕೆಲಸ ಸಣ್ಣದು. ಎರಡೂ ಟೇಬಲ್‌ಗಳನ್ನು ಚೀಟಿ ನಂಬರ್ ಮೇಲೆ ಜೋಡಿಸಿ (ಜಾಯಿನ್ ಮಾಡಿ), ಓಟಿ ಬೇರೆ ಬೇರೆ ಇರುವ ರೋಗಳು ಎಷ್ಟು ಅಂತ ಮೊದಲು ಸೆಲೆಕ್ಟ್‌ನಲ್ಲಿ ಎಣಿಸಿದೆ. ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡೆ. ಕಮಿಟ್ ಅನ್ನುವ ತನಕ ಖಾಯಂ ಆಗದ ಹಾಗೆ ಟ್ರಾನ್ಸಾಕ್ಷನ್ ಶುರು ಮಾಡಿ, ಅದೇ ಜಾಯಿನ್‌ನಿಂದ ಓಟಿ ಕಾಲಂ ಒಂದನ್ನೇ ಅಪ್‌ಡೇಟ್ ಮಾಡಿದೆ. ಬಂದ ಸಂಖ್ಯೆ ಕಾಗದದ್ದಕ್ಕೆ ಸರಿಯಾಗಿ ತಾಳೆಯಾಯಿತು. ಆಮೇಲೇ ಕಮಿಟ್.

ಉಳಿದದ್ದು ಬೆಳಗಿನ 43 ಚೀಟಿ. ಅವು ಯಾವ ಬ್ಯಾಕಪ್‌ನಲ್ಲೂ ಇಲ್ಲ. ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ಆನ್ ಇದ್ದಿದ್ದರೆ ಅದರಿಂದ ತೆಗೆಯಬಹುದಿತ್ತು. ಡಿಸ್ಕ್ ತುಂಬುತ್ತದೆ ಅಂತ ಹಿಂದೊಮ್ಮೆ ಅದನ್ನು ಆಫ್ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ತೂಕದ ಕಡೆ ಇರುವ ಅಣ್ಣ ಇನ್ನೂ ಕಾರ್ಬನ್ ಹಾಕಿದ ಪುಸ್ತಕದಲ್ಲೇ ಬರೆಯುತ್ತಾರೆ. ಇದೆಲ್ಲ ಯಾಕೆ ಇನ್ನೂ, ಸುಮ್ನೆ ಡಬಲ್ ಕೆಲಸ ಅಂತ ನಾನೇ ಒಂದು ಸಲ ಹೇಳಿದ್ದೆ. ಅವತ್ತು ಅವರು ಫೋನಿನಲ್ಲಿ ಒಂದೊಂದಾಗಿ ಓದಿದರು. 27.2, 26, 25.8... ನಾನು ಟೈಪ್ ಮಾಡುತ್ತಾ ಹೋದೆ.

ಇನ್ನೊಂದು ಗಂಟು ಇತ್ತು. ಬೆಳಿಗ್ಗೆ ಯಾರಾದರೂ ಹಳೇ ಚೀಟಿಯ ಓಟಿ ತಿದ್ದಿಸಿಕೊಂಡಿದ್ದರೆ ನಾನು ಅದನ್ನೂ ನಿನ್ನೆಯದಕ್ಕೆ ತಿರುಗಿಸಿದ ಹಾಗಾಯಿತು. ರೋ ಕೊನೆಯ ಸಲ ಬದಲಾದ ಸಮಯದ ಕಾಲಂ ನೋಡಿದರೆ ಗೊತ್ತಾಗಬೇಕು. ಆದರೆ ಆ ಕಾಲಂ ಪ್ರತಿ ಅಪ್‌ಡೇಟ್‌ಗೂ ತಾನಾಗಿ ಬದಲಾಗುವಂಥದ್ದು. ನನ್ನ ತಪ್ಪು ಕಮ್ಯಾಂಡ್ ಅಲ್ಲೂ ಎಲ್ಲರಿಗೂ ಒಂದೇ ಸಮಯ ಬರೆದಿತ್ತು. ಬೆಳಿಗ್ಗೆ ಫೋನಿನಲ್ಲಿ ಎಷ್ಟು ತಿದ್ದಿಸಿದಿರಿ ಅಂತ ಅಕ್ಕನನ್ನೇ ಕೇಳಿದೆ. ಎರಡು ಅಂದರು. ಎರಡನ್ನೂ ಸರಿ ಮಾಡಿದೆ.

ಈಗ ರಾತ್ರಿ ಪೂರ್ತಿ ಬ್ಯಾಕಪ್ ಜೊತೆಗೆ ಚೀಟಿ, ಪಾವತಿ, ಬೆಳೆಗಾರ ಈ ಮೂರೂ ಟೇಬಲ್‌ಗಳನ್ನು ಬೇರೆಯಾಗಿ ಒಂದು ಫೈಲಿಗೆ ತೆಗೆಯುತ್ತೇನೆ. ಮೂರಕ್ಕೆ ಮೂರು ಫೈಲ್ ಮಾಡಿದರೆ ಮೂರೂ ಬೇರೆ ಬೇರೆ ಕ್ಷಣದ ಚಿತ್ರಗಳಾಗುತ್ತವೆ. ಚೀಟಿ ತೆಗೆದ ಮೇಲೆ, ಪಾವತಿ ತೆಗೆಯುವ ಮೊದಲು ಯಾರಾದರೂ ಎಂಟ್ರಿ ಮಾಡಿದರೆ ಲೆಕ್ಕ ಕೂಡುವುದಿಲ್ಲ. ಒಂದೇ ಸಲ, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕಿ ತೆಗೆದರೆ ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಬಗೆಯ) ಟೇಬಲ್‌ಗಳು ಒಂದೇ ಕ್ಷಣದ್ದಾಗಿ ಸಿಗುತ್ತವೆ, ಬಳಸುವವರಿಗೂ ತಡೆಯಾಗುವುದಿಲ್ಲ. ಒಂದು ಪ್ರತಿ ಮೈಸೂರಿನ ಸರ್ವರ್‌ಗೆ ಹೋಗುತ್ತದೆ. 2018ರ ಆಗಸ್ಟ್ ಮಳೆ ಕಂಡವರಿಗೆ ಇದಕ್ಕೆ ಕಾರಣ ಹೇಳಬೇಕಿಲ್ಲ.

ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಈ ಕತ್ತರಿ ಕೆಲಸ ಇಲ್ಲ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಡಂಪ್ ಮಾಡಿದರೆ ಒಂದು ಟೇಬಲ್ ಸಲೀಸಾಗಿ ಹೊರಗೆ ಬರುತ್ತದೆ. ಆದರೆ ಅದನ್ನು ವಾಪಸ್ ಹಾಕುವ ಪಿಜಿ ರಿಸ್ಟೋರ್‌ಗೆ ಟೇಬಲ್ ಹೆಸರು ಮಾತ್ರ ಕೊಟ್ಟರೆ ಅದರ ಇಂಡೆಕ್ಸ್‌ಗಳು ಬರುವುದಿಲ್ಲ. ಒಂದು ಹೋಂಸ್ಟೇ ಬುಕಿಂಗ್ ಯಾಕೋ ತೆವಳುತ್ತಿದೆ ಅಂತ ಅರ್ಧ ದಿನ ಹುಡುಕಿದ ಮೇಲೆ ನನಗೆ ಇದು ಗೊತ್ತಾಗಿದ್ದು.

ಏಪ್ರಿಲ್‌ನಲ್ಲಿ ಸೀಸನ್ ಲೆಕ್ಕ ಮುಗಿಸುವಾಗ ಒಬ್ಬ ಬೆಳೆಗಾರರು ತಮ್ಮ ಚೀಟಿ ಹಿಡಿದುಕೊಂಡು ಬಂದರು. ಕೈಯಲ್ಲಿ 27.5, ಕಂಪ್ಯೂಟರ್‌ನಲ್ಲಿ 26. ಅವತ್ತು ಬೆಳಿಗ್ಗೆ ತಿದ್ದಿಸಿದ ಮೂರನೇ ಚೀಟಿ ಅದು. ಅಕ್ಕ ಮರೆತಿದ್ದರು, ನಾನೂ ಮರೆತಿದ್ದೆ. ವ್ಯತ್ಯಾಸದ ದುಡ್ಡು ಕೊಟ್ಟು ಕಳಿಸಿದರು. ಆ ಸಂಜೆಯೇ ಚೀಟಿ ಟೇಬಲ್‌ಗೆ ಒಂದು ಟ್ರಿಗರ್ ಬರೆದೆ. ಈಗ ಓಟಿ ಬದಲಾದಾಗಲೆಲ್ಲ ಹಳೇ ಅಂಕಿ, ಹೊಸ ಅಂಕಿ, ಸಮಯ ಮೂರೂ ಬೇರೆ ಟೇಬಲ್‌ಗೆ ಹೋಗಿ ಕೂರುತ್ತವೆ.