ನೀರಿನಲ್ಲಿ ಗುಡ್ಡ ಮಾಯವಾಗಿದ್ದು ಯಾಕೆ?

ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕ್‌ಗೆ ಅಕ್ಟೋಬರ್ ಮಧ್ಯದಲ್ಲಿ ಹೋಗಿದ್ದೆ. ಜೋರ್ಡನ್ ಪಾಂಡ್ ಕೆರೆಯ ಆಚೆ ಬಬಲ್ಸ್ ಅನ್ನೋ ಎರಡು ದುಂಡು ಗುಡ್ಡ. ಫೋಟೊದಲ್ಲಿ ಕೆಂಪು, ಹಳದಿ ಎಲೆಗಳೆಲ್ಲ ಚೆನ್ನಾಗಿ ಬಂದವು, ಆದರೆ ನೀರಿನಲ್ಲಿ ಗುಡ್ಡವೇ ಇಲ್ಲ! ದಡದ ಹತ್ತಿರ ತಳದ ಕಲ್ಲುಗಳು ಕಾಣುತ್ತಿದ್ದವು, ಅಷ್ಟೇ.

ಎಲೆ ಮೇಲಿನ ಹೊಳಪು ತೆಗೆಯಲು ಲೆನ್ಸ್ ಮುಂದೆ ಪೋಲರೈಸರ್ ಅನ್ನೋ ಫಿಲ್ಟರ್ ಹಾಕಿದ್ದೆ. ಪ್ರತಿಬಿಂಬವೂ ಅಂಥದ್ದೇ ಹೊಳಪು ಅಲ್ವಾ, ಅದನ್ನೂ ಅಳಿಸಿಬಿಟ್ಟಿತ್ತು. ಸ್ಕ್ರೀನ್ ನೋಡುತ್ತಾ ಫಿಲ್ಟರ್‌ನ ಉಂಗುರವನ್ನು ನಿಧಾನವಾಗಿ ತಿರುಗಿಸಿದೆ. ಗುಡ್ಡ ಮೆಲ್ಲಗೆ ನೀರಿನಲ್ಲಿ ಮೂಡಿಬಂತು. ಎಲೆಯ ಬಣ್ಣವೂ ಉಳಿಯುವ ಕಡೆ ನಿಲ್ಲಿಸಿದೆ.

ಆದರೂ ಪ್ರತಿಬಿಂಬ ಸ್ವಲ್ಪ ಮಸುಕು. ಫೋಕಸ್ ನೀರಿನ ಮೇಲಿತ್ತು. ಗುಡ್ಡಕ್ಕೆ ಕೊಟ್ಟ ಮೇಲೆ ಸರಿಯಾಯಿತು.

ಮಾರನೇ ದಿನ ಗಾಳಿ ಏಳುವ ಮುಂಚೆಯೇ ಹೋದೆ. ಒಂದು ಮೇಪಲ್ ಎಲೆ ನೀರಿಗೆ ಬಿತ್ತು. ಅಷ್ಟಕ್ಕೇ ಇಡೀ ಗುಡ್ಡ ಅಲುಗಾಡಿತು.