ಊಹೆಯನ್ನು ಕೆಡವುವ ಚಿತ್ರ: ರೇಖಾಗಣಿತದಲ್ಲಿ ಪ್ರತ್ಯುದಾಹರಣೆ ಹುಡುಕುವ ಬಗೆ

ನಾಲ್ಕೈದು ಚಿತ್ರ ಬರೆದು ಅಳೆದಾಗ ಎಲ್ಲದರಲ್ಲೂ ಒಂದೇ ಸಂಗತಿ ಕಂಡರೆ ‘ಯಾವಾಗಲೂ ಹೀಗೆಯೇ ಇರಬೇಕು’ ಅನ್ನಿಸುತ್ತದೆ. ಈ ಹಾದಿಗೆ ಅನುಗಮನ ತರ್ಕ ಎಂದು ಹೆಸರು, ಅದರಿಂದ ಹುಟ್ಟಿದ ಹೇಳಿಕೆ ಊಹೆ. ರೇಖಾಗಣಿತದಲ್ಲಿ ಹೊಸದು ಹೊಳೆಯುವುದು ಬಹುಪಾಲು ಹೀಗೆಯೇ, ಆದ್ದರಿಂದ ಊಹಿಸಲು ಹಿಂಜರಿಯಬೇಡಿ. ಆದರೆ ಪರೀಕ್ಷಿಸುವಾಗ ಊಹೆಗೆ ಒಪ್ಪುವ ಚಿತ್ರಗಳನ್ನೇ ಮತ್ತೆ ಮತ್ತೆ ಬರೆದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಕೆಡವಬಲ್ಲ ಚಿತ್ರವನ್ನು ಹುಡುಕಬೇಕು.

ಬೇಕಾದ ಸಾಮಾನು ಸ್ವಲ್ಪವೇ: ಗೆರೆಯಿಲ್ಲದ ಹಾಳೆ, ಮೊನಚಾದ ಪೆನ್ಸಿಲ್, ಅಳತೆಪಟ್ಟಿ, ಕೈವಾರ, ಕೋನಮಾಪಕ. ಜೊತೆಗೆ 7 ಸೆಂ.ಮೀ. ಉದ್ದದ ನಾಲ್ಕು ರಟ್ಟಿನ ಪಟ್ಟಿಗಳು. ಪ್ರತಿ ಪಟ್ಟಿಯ ಎರಡೂ ತುದಿಯಿಂದ 1 ಸೆಂ.ಮೀ. ಒಳಗೆ ತೂತು ಮಾಡಿ, ಆಗ ತೂತುಗಳ ನಡುವೆ 5 ಸೆಂ.ಮೀ. ಉಳಿಯುತ್ತದೆ.

ಮೊದಲ ಕೆಲಸ, ಊಹೆಯನ್ನು ‘ಹೀಗಿದ್ದರೆ, ಹಾಗಿರುತ್ತದೆ’ ಎಂಬ ರೂಪದಲ್ಲಿ ಬರೆದುಕೊಳ್ಳುವುದು. ‘ಆಯತದ ಹಾಗೆ ಕರ್ಣ ಸಮ’ ಎಂದು ಗೀಚಿಕೊಂಡರೆ ಸಾಲದು. ‘ಚತುರ್ಭುಜದ ಎರಡು ಕರ್ಣಗಳು ಸಮವಾಗಿದ್ದರೆ ಅದು ಆಯತ’ ಎಂದು ಬರೆದು, ಷರತ್ತಿನ ಕೆಳಗೆ ಒಂದು ಗೆರೆ, ತೀರ್ಮಾನದ ಕೆಳಗೆ ಎರಡು ಗೆರೆ ಹಾಕಿ. ಪ್ರತ್ಯುದಾಹರಣೆ ಎಂದರೆ ಒಂದು ಗೆರೆಯ ಭಾಗವನ್ನು ಪೂರ್ತಿ ಪಾಲಿಸಿ, ಎರಡು ಗೆರೆಯ ಭಾಗವನ್ನು ಸುಳ್ಳಾಗಿಸುವ ಚಿತ್ರ. ಅಂಥದ್ದು ಒಂದೇ ಸಿಕ್ಕರೂ ಸಾಕು. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ: ಕರ್ಣಗಳು ಸಮವಲ್ಲದ ಸಮಾಂತರ ಚತುರ್ಭುಜವನ್ನು ತೋರಿಸಿ ‘ಇದು ಆಯತವಲ್ಲ, ಊಹೆ ತಪ್ಪು’ ಎನ್ನುತ್ತಾರೆ. ಆ ಚಿತ್ರ ಷರತ್ತನ್ನೇ ಪಾಲಿಸಿಲ್ಲ, ಹಾಗಾಗಿ ಅದು ಊಹೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಷರತ್ತನ್ನೇ ಮೊದಲು ಎಳೆದರೆ ಈ ತೊಂದರೆ ಬರುವುದಿಲ್ಲ. ಇಲ್ಲಿ ಷರತ್ತು ಕರ್ಣಗಳ ಬಗ್ಗೆ ಇದೆ, ಆದ್ದರಿಂದ ಬಾಹುಗಳನ್ನು ಬಿಟ್ಟು ಕರ್ಣಗಳಿಂದ ಶುರುಮಾಡಿ. 8 ಸೆಂ.ಮೀ.ನ ಎರಡು ರೇಖಾಖಂಡಗಳು ಒಂದನ್ನೊಂದು ದಾಟಲಿ: ಛೇದಿಸುವ ಬಿಂದು ಒಂದರ ತುದಿಯಿಂದ 3 ಸೆಂ.ಮೀ., ಇನ್ನೊಂದರ ತುದಿಯಿಂದ 4 ಸೆಂ.ಮೀ. ದೂರದಲ್ಲಿರಲಿ. ನಾಲ್ಕು ತುದಿಗಳನ್ನು ಕ್ರಮವಾಗಿ ಸೇರಿಸಿ. ಕರ್ಣಗಳು ಸಮ, ಆಕೃತಿ ಆಯತವಲ್ಲ. ಊಹೆ ಬಿತ್ತು. ಏಕೆ ಬಿತ್ತು ಎನ್ನುವುದೂ ಚಿತ್ರದಲ್ಲೇ ಇದೆ: ಕರ್ಣಗಳು ಪರಸ್ಪರ ಅರ್ಧಿಸಲಿಲ್ಲ. ಷರತ್ತಿಗೆ ಅದನ್ನೂ ಸೇರಿಸಿ, ‘ಕರ್ಣಗಳು ಸಮವಾಗಿದ್ದು ಪರಸ್ಪರ ಅರ್ಧಿಸಿದರೆ’ ಎಂದು ತಿದ್ದಿದರೆ ಹೇಳಿಕೆ ನಿಜವಾಗುತ್ತದೆ.

ಈಗ ಹೆಚ್ಚು ಬಲವಾದ ಒಂದು ಊಹೆ ನೋಡೋಣ. ಚತುರ್ಭುಜದ ಸುತ್ತಳತೆಯ ಅರ್ಧದಿಂದ ಪ್ರತಿ ಬಾಹುವನ್ನೂ ಕಳೆದು, ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ, ವರ್ಗಮೂಲ ತೆಗೆದರೆ ವಿಸ್ತೀರ್ಣ ಸಿಗುತ್ತದೆ ಎಂಬುದು ಆ ಊಹೆ. ಸುತ್ತಳತೆ 20 ಸೆಂ.ಮೀ. ಇರುವ ಆಕೃತಿಗಳನ್ನೇ ತೆಗೆದುಕೊಳ್ಳಿ, ಅರ್ಧ 10 ಎಂದು ಲೆಕ್ಕ ಸುಲಭ. 5 ಸೆಂ.ಮೀ. ಬಾಹುವಿನ ಚೌಕಕ್ಕೆ ಸೂತ್ರ 25 ಕೊಡುತ್ತದೆ, ಸರಿ. 6 ಮತ್ತು 4 ಸೆಂ.ಮೀ. ಬಾಹುಗಳ ಆಯತಕ್ಕೆ 4, 6, 4, 6ರ ಗುಣಲಬ್ಧದ ವರ್ಗಮೂಲ 24, ಅದೂ ಸರಿ. ಸಮಾಂತರ ಬಾಹುಗಳು 8 ಮತ್ತು 2, ಓರೆ ಬಾಹುಗಳು 5, 5 ಇರುವ ತ್ರಾಪಿಜ್ಯದ ಎತ್ತರ 4, ವಿಸ್ತೀರ್ಣ 20. ಸೂತ್ರದಲ್ಲಿ 2, 8, 5, 5ರ ಗುಣಲಬ್ಧ 400, ವರ್ಗಮೂಲ 20. ಮೂರು ಬಗೆಯ ಆಕೃತಿಗಳು, ಮೂರಕ್ಕೂ ಚಾಚೂ ತಪ್ಪದ ಉತ್ತರ. ಇಲ್ಲಿಗೆ ನಿಲ್ಲಿಸಿಬಿಡುವ ಆಸೆ ಯಾರಿಗಾದರೂ ಆಗುತ್ತದೆ.

ನಿಲ್ಲಿಸಬೇಡಿ. ನಾಲ್ಕು ಪಟ್ಟಿಗಳನ್ನು ಗುಂಡುಪಿನ್ನಿನಿಂದ ಜೋಡಿಸಿ ಚೌಕ ಮಾಡಿ, ಎದುರು ಮೂಲೆಗಳನ್ನು ಹಿಡಿದು ಎಳೆಯಿರಿ. ಒಂದು ಕರ್ಣ 8 ಸೆಂ.ಮೀ. ಆದಾಗ ಇನ್ನೊಂದು 6 ಸೆಂ.ಮೀ. ಆಗುತ್ತದೆ. ಈ ವಜ್ರಾಕೃತಿಯ ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧ, ಅಂದರೆ 24 ಚ.ಸೆಂ.ಮೀ. ಬಾಹುಗಳು ಬದಲಾಗಿಲ್ಲ, ಹಾಗಾಗಿ ಸೂತ್ರ ಈಗಲೂ 25 ಎನ್ನುತ್ತದೆ. ಇನ್ನೂ ಎಳೆದರೆ ವಿಸ್ತೀರ್ಣ ಸೊನ್ನೆಯತ್ತ ಇಳಿಯುತ್ತದೆ, ಸೂತ್ರದ ಉತ್ತರ ಅಲ್ಲಾಡುವುದಿಲ್ಲ.

ಹಾಗಾದರೆ ಮೊದಲ ಮೂರು ಆಕೃತಿಗಳು ಹೇಗೆ ಪಾಸಾದವು? ಚೌಕ, ಆಯತ, ಸಮದ್ವಿಬಾಹು ತ್ರಾಪಿಜ್ಯ ಮೂರೂ ಚಕ್ರೀಯ ಚತುರ್ಭುಜಗಳು, ಅವುಗಳ ನಾಲ್ಕೂ ಶೃಂಗಗಳು ಒಂದೇ ವೃತ್ತದ ಮೇಲೆ ಕೂರುತ್ತವೆ. ನಾವು ಆರಿಸಿದ ಮಾದರಿಗಳಲ್ಲೇ ಆ ಗುಣ ಅಡಗಿತ್ತು. ‘ಚಕ್ರೀಯ’ ಎಂಬ ಷರತ್ತು ಸೇರಿದರೆ ಸೂತ್ರ ಸಂಪೂರ್ಣ ನಿಜ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಕೊಟ್ಟ ಪ್ರಸಿದ್ಧ ಸೂತ್ರ ಇದೇ. ಅವನ ಶ್ಲೋಕದಲ್ಲಿ ಆ ಷರತ್ತು ಬಾಯಿಬಿಟ್ಟು ಹೇಳಿಲ್ಲ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಎತ್ತಿದ ಆಕ್ಷೇಪ, ನಮ್ಮ ರಟ್ಟಿನ ಪಟ್ಟಿಗಳು ತೋರಿಸಿದ್ದೇ: ಅವೇ ನಾಲ್ಕು ಬಾಹುಗಳಿಗೆ ಬೇರೆ ಬೇರೆ ಕರ್ಣಗಳು ಸಾಧ್ಯ, ಆದ್ದರಿಂದ ಬೇರೆ ಬೇರೆ ವಿಸ್ತೀರ್ಣಗಳೂ ಸಾಧ್ಯ. ಒಂದು ಕರ್ಣವನ್ನೋ ಲಂಬವನ್ನೋ ಹೇಳದೆ ನಿಶ್ಚಿತ ವಿಸ್ತೀರ್ಣ ಕೇಳುವವನನ್ನು ಅವನು ಪಿಶಾಚ ಎಂದೇ ಕರೆದಿದ್ದಾನೆ.

ಇದರಿಂದ ಒಂದು ರೂಢಿ ಬೆಳೆಸಿಕೊಳ್ಳಿ. ಚತುರ್ಭುಜದ ಊಹೆಗೆ ಚಪ್ಪಟೆ ವಜ್ರಾಕೃತಿ, ಗಾಳಿಪಟ, ಒಳಬಾಗಿದ ಚತುರ್ಭುಜ ಈ ಮೂರನ್ನು ತಪ್ಪದೆ ಬರೆದು ನೋಡಿ. ತ್ರಿಭುಜಕ್ಕಾದರೆ 120°ಗಿಂತ ದೊಡ್ಡ ಕೋನವಿರುವುದು, ತೀರಾ ತೆಳ್ಳಗಿನ ಸಮದ್ವಿಬಾಹು, ಲಂಬಕೋನದ್ದು. ಕೈ ತಾನಾಗಿ ಬರೆಯುವ, ಸಮಬಾಹುವಿಗೆ ಹತ್ತಿರದ ತ್ರಿಭುಜದಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ.

ಅಳತೆಯ ಸಂಖ್ಯೆಗಳೂ ಮೋಸ ಮಾಡುತ್ತವೆ. ‘ಎರಡು ಬಾಹುಗಳು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ ಸಮವಾಗಿದ್ದರೆ ತ್ರಿಭುಜಗಳು ಸರ್ವಸಮ’ ಎಂಬ ಊಹೆಯನ್ನು ತೆಗೆದುಕೊಳ್ಳಿ. ಅಬ = 8 ಸೆಂ.ಮೀ. ಎಳೆದು, ಅ ಬಿಂದುವಿನಲ್ಲಿ 30° ಕೋನದ ಕಿರಣ ಎಳೆಯಿರಿ. ಬ ಬಿಂದುವಿನಲ್ಲಿ ಕೈವಾರದ ಮೊನೆ ಇಟ್ಟು 9 ಸೆಂ.ಮೀ. ತ್ರಿಜ್ಯದ ಕಂಸ ಎಳೆದರೆ ಕಿರಣವನ್ನು ಒಂದೇ ಕಡೆ ಕತ್ತರಿಸುತ್ತದೆ, ಊಹೆ ನಿಜವೆಂದು ಕಾಣುತ್ತದೆ. ತ್ರಿಜ್ಯ 5 ಸೆಂ.ಮೀ.ಗೆ ಇಳಿಸಿ: ಅ ಇಂದ ಸುಮಾರು 3.9 ಮತ್ತು 9.9 ಸೆಂ.ಮೀ. ದೂರದಲ್ಲಿ, ಎರಡು ಕಡೆ ಕತ್ತರಿಸುತ್ತದೆ. ಎರಡು ತ್ರಿಭುಜಗಳಿಗೂ ಕೊಟ್ಟ ಅಳತೆಗಳು ಒಂದೇ, ಆದರೆ ಅವು ಸರ್ವಸಮವಲ್ಲ. ಬ ಇಂದ ಕಿರಣಕ್ಕೆ ಲಂಬದೂರ 4 ಸೆಂ.ಮೀ. ಆಗಿರುವುದರಿಂದ, 4ಕ್ಕಿಂತ ಹೆಚ್ಚು, 8ಕ್ಕಿಂತ ಕಡಿಮೆ ಇರುವ ಯಾವ ತ್ರಿಜ್ಯವಾದರೂ ಊಹೆಯನ್ನು ಕೆಡವುತ್ತದೆ. ಸರಿಯಾಗಿ 4 ಇದ್ದರೆ ಒಂದೇ ತ್ರಿಭುಜ, ಅದು ಲಂಬಕೋನದ್ದು. ಲಂಬಕೋನ–ವಿಕರ್ಣ–ಬಾಹು ನಿಯಮ ನಿಲ್ಲುವುದು ಬೇರೆ ಕಾರಣಕ್ಕೆ: ಅಲ್ಲಿ ಕೊಟ್ಟ ಕೋನವೇ 90°, ವಿಕರ್ಣ ಯಾವಾಗಲೂ ಕೊಟ್ಟ ಬಾಹುವಿಗಿಂತ ಉದ್ದ, ಆದ್ದರಿಂದ ಕಂಸ ಕಿರಣವನ್ನು ಒಂದೇ ಕಡೆ ಕತ್ತರಿಸುತ್ತದೆ.

ಅಳತೆಯ ದೋಷವನ್ನು ಪ್ರತ್ಯುದಾಹರಣೆ ಎಂದುಕೊಳ್ಳಬೇಡಿ. ಪ್ರತಿ ಕೋನದಲ್ಲಿ 1° ಆಚೀಚೆ ಆಗುವುದು ಸಹಜ, ಆದ್ದರಿಂದ ತ್ರಿಭುಜದ ಮೂರು ಕೋನಗಳ ಮೊತ್ತ 178° ಬಂದರೆ ಅದು ಕೋನಮಾಪಕದ ಮಿತಿ. ಅನುಮಾನವಿದ್ದರೆ ಚಿತ್ರವನ್ನು ಎರಡರಷ್ಟು ದೊಡ್ಡದಾಗಿ ಬರೆಯಿರಿ. ಉದ್ದದ ವ್ಯತ್ಯಾಸ ನಿಜವಾದದ್ದಾದರೆ ಅದೂ ಎರಡರಷ್ಟಾಗುತ್ತದೆ, ಕೈತಪ್ಪಾದರೆ ಹಾಗೆ ಬೆಳೆಯುವುದಿಲ್ಲ.

ಎಣಿಕೆಯ ಊಹೆಗಳಿಗೆ ಬೇರೆ ಎಚ್ಚರಿಕೆ ಬೇಕು. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಪ್ರತಿ ಎರಡನ್ನೂ ಜ್ಯಾದಿಂದ ಸೇರಿಸಿ, ಒಳಗಿನ ಭಾಗಗಳನ್ನು ಎಣಿಸಿ. 1ರಿಂದ 5 ಬಿಂದುಗಳಿಗೆ 1, 2, 4, 8, 16 ಬರುತ್ತದೆ. 6ಕ್ಕೆ 32 ಎಂದು ಬರೆಯುವ ಮೊದಲು 6 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ, ಬಿಂದುಗಳನ್ನು ಸಮದೂರದಲ್ಲಿ ಇಡದೆ ಎಳೆದು, ಪ್ರತಿ ಭಾಗಕ್ಕೂ ಸಂಖ್ಯೆ ಬರೆಯುತ್ತ ಎಣಿಸಿ. ಮೂರು ಜ್ಯಾಗಳು ಒಂದೇ ಬಿಂದುವಿನಲ್ಲಿ ಕೂಡದಿದ್ದರೆ 31 ಸಿಗುತ್ತದೆ. ಸಮದೂರದಲ್ಲಿಟ್ಟರೆ ಮೂರು ಉದ್ದ ಜ್ಯಾಗಳು ಕೇಂದ್ರದಲ್ಲೇ ಸೇರಿ ಒಂದು ಭಾಗ ಮಾಯವಾಗಿ 30 ಆಗುತ್ತದೆ. ಕಾರಣ ಹೀಗಿದೆ: ಖಾಲಿ ವೃತ್ತ 1 ಭಾಗ, ಪ್ರತಿ ಜ್ಯಾ 1 ಭಾಗ ಸೇರಿಸುತ್ತದೆ, ವೃತ್ತದೊಳಗಿನ ಪ್ರತಿ ಛೇದನ ಇನ್ನೊಂದು. ಆರು ಬಿಂದುಗಳಿಗೆ 15 ಜ್ಯಾ, 15 ಛೇದನ, ಒಟ್ಟು 31. ಏಳಕ್ಕೆ 1 + 21 + 35 = 57.

ಎಷ್ಟು ಹಿಂಸಿಸಿದರೂ ಬೀಳದ ಊಹೆಗಳೂ ಇವೆ. ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ ಎಂಬುದು ಅಂಥದ್ದು. ಇದು ಫ್ರೆಂಚ್ ಗಣಿತಜ್ಞ ವಾರಿನ್ಯಾನ್ ಹೆಸರಿನ ಪ್ರಮೇಯ, ಪ್ರಕಟವಾದದ್ದು 1731ರಲ್ಲಿ. ಚಪ್ಪಟೆ ಆಕೃತಿ, ಗಾಳಿಪಟ ಎಲ್ಲ ಬರೆದರೂ ಬೀಳದಿದ್ದಾಗ ಅಳತೆಪಟ್ಟಿ ಕೆಳಗಿಟ್ಟು ಕಾರಣ ಹುಡುಕಿ. ಒಂದು ಕರ್ಣ ಎಳೆಯಿರಿ. ಅದರ ಎರಡೂ ಕಡೆಯ ತ್ರಿಭುಜಗಳಲ್ಲಿ, ಮಧ್ಯಬಿಂದು ಪ್ರಮೇಯದಂತೆ, ಮಧ್ಯಬಿಂದುಗಳನ್ನು ಸೇರಿಸುವ ರೇಖೆ ಕರ್ಣಕ್ಕೆ ಸಮಾಂತರ ಮತ್ತು ಅದರ ಅರ್ಧ. ಹಾಗಾಗಿ ಆ ಎರಡು ರೇಖೆಗಳು ಪರಸ್ಪರ ಸಮ ಮತ್ತು ಸಮಾಂತರ. ಒಳಬಾಗಿದ ಚತುರ್ಭುಜದಲ್ಲಿ ಒಂದು ಕರ್ಣ ಆಕೃತಿಯ ಹೊರಗೆ ಬೀಳುತ್ತದೆ, ಎರಡೂ ತ್ರಿಭುಜಗಳು ಅದರ ಒಂದೇ ಕಡೆಗೆ ಬರುತ್ತವೆ. ಆ ಕರ್ಣವನ್ನೇ ಹಿಡಿದು ಸಾಧನೆಯನ್ನು ಮತ್ತೊಮ್ಮೆ ಬರೆಯಿರಿ: ‘ಎರಡೂ ಕಡೆಯ’ ಎಂಬ ಮಾತನ್ನು ತೆಗೆದರೆ ಸಾಕು, ಉಳಿದ ಸಾಲುಗಳೆಲ್ಲ ಹಾಗೆಯೇ ನಿಲ್ಲುತ್ತವೆ.